ಮೊದಲ ಪುಟದಲ್ಲಿ ಯಾರ ಹೆಸರು

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಮೊದಲ ದಿನ ನಾನು ‘ಪುಸ್ತಕ ತೆಗೆಯಿರಿ’ ಎಂದೆ. ಇಡೀ ತರಗತಿ ಮೊಬೈಲು ತೆಗೆಯಿತು.

ವಿಜಯಪುರದಲ್ಲಾಗಿದ್ದರೆ ಆ ಮೊಬೈಲುಗಳೆಲ್ಲ ಸಂಜೆಯವರೆಗೆ ನನ್ನ ಮೇಜಿನ ಖಾನೆಯಲ್ಲಿ ಇರುತ್ತಿದ್ದವು. ಅಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ, ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದೆ. ಅದಕ್ಕೂ ಮೊದಲು, ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಸತಿ ಶಾಲೆಯಲ್ಲಿ ಬೆಳೆದವಳು. ಆದರೆ ಇಲ್ಲಿ ನಾನು ಹೊಸಬಳು. ಮುಂದಿನ ಬೆಂಚಿನ ಹುಡುಗಿಯ ಮೊಬೈಲನ್ನು ಇಸಿದುಕೊಂಡು ನೋಡಿದೆ. ಯಾವುದೋ ಗೈಡಿನ ಪುಟದ ಫೋಟೋ. ಅಂಚಿನಲ್ಲಿ ಪುಟ ಹಿಡಿದವರ ಹೆಬ್ಬೆರಳು, ಉಗುರಿಗೆ ಗೋರಂಟಿ. ಪಕ್ಕದವಳ ಮೊಬೈಲಿನಲ್ಲೂ ಅದೇ ಹೆಬ್ಬೆರಳು. ಹಿಂದಿನ ಬೆಂಚಿನಲ್ಲೂ ಅದೇ. ಎರಡು ಸಾಲು ಪೂರ್ತಿ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅಲ್ಲಿ ಏನಿದೆ ಎಂದು ಕೇಳಿದೆ.

“ಅದು ಬೆಳ್ಳಿನ ಕೆಳಗದ ಮೇಡಂ,” ಎಂದ ಒಬ್ಬ. “ಪರೀಕ್ಷೆಗೂ ಅದು ಬರಲ್ಲ ಅಂತ ಬುಟ್ಬುಟ್ಟೊ.”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಕುತೂಹಲ ಬಂತು. ಆ ಬೆರಳು ಯಾರದು, ಆ ಗೈಡು ಯಾರು ಬರೆದದ್ದು ಎಂದು ವಿಚಾರಿಸಿದೆ. ಯಾರಿಗೂ ತಿಳಿದಿರಲಿಲ್ಲ. ಮೊದಲ ಪುಟದ ಫೋಟೋ ಯಾರ ಬಳಿಯೂ ಇರಲಿಲ್ಲ.

ವಿಜಯಪುರದ ಗೆಳತಿಯರು ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ: ಈ ವಯಸ್ಸಿನಲ್ಲಿ ಅಷ್ಟು ದೂರ ಹೋಗಿ ಏನು ಮಾಡುತ್ತೀ? ಮಗಳು ಪಶುವೈದ್ಯೆ. ಅವಳಿಗೆ ಈ ಕಡೆ ವರ್ಗವಾಯಿತು, ನಿವೃತ್ತಳಾಗಿದ್ದ ನಾನು ಜೊತೆಗೆ ಬಂದೆ. ರಾಜ್ಯ ಒಂದೇ, ಭಾಷೆ ಒಂದೇ, ಇದರಲ್ಲಿ ಕಷ್ಟವೇನು ಎಂದುಕೊಂಡಿದ್ದೆ. ಬಂದ ಮೊದಲ ಬೆಳಗ್ಗೆ ಐದಕ್ಕೆ ಎದ್ದು ನಡೆಯಲು ಹೊರಟರೆ ಹೆದ್ದಾರಿಯ ಉದ್ದಕ್ಕೂ ಲಾರಿಗಳು. ಟೊಮೆಟೊ, ಕೋಸು, ಬೀನ್ಸು ಘಟ್ಟ ಇಳಿದು ಕೇರಳಕ್ಕೆ ಹೋಗುತ್ತಿದ್ದವು. ಮೂಟೆ ಹೊರುವವರು ಕನ್ನಡದಲ್ಲಿ ಶುರುಮಾಡಿದ ಬೈಗುಳವನ್ನು ಮಲಯಾಳದಲ್ಲಿ ಮುಗಿಸುತ್ತಿದ್ದರು. ನಮ್ಮಲ್ಲಿ ಉಳ್ಳಾಗಡ್ಡಿ ಎಂದರೆ ಕೈತುಂಬ ಹಿಡಿಯುವ ಗಡ್ಡೆ. ಇಲ್ಲಿ ಗೋಲಿಯಂಥ ಸಣ್ಣ ಈರುಳ್ಳಿಯ ರಾಶಿಗಳು. ನಾನು ‘ಹೌದ್ರಿ’ ಎಂದರೆ ತರಕಾರಿಯವಳು ತಲೆಯೆತ್ತಿ ನೋಡುತ್ತಿದ್ದಳು. ಅವಳು ‘ಓಗ್ಬುಟ್ ಬನ್ನಿ’ ಎಂದರೆ, ನನ್ನನ್ನು ಓಡಿಸುತ್ತಿದ್ದಾಳೋ ಮತ್ತೆ ಕರೆಯುತ್ತಿದ್ದಾಳೋ ಎಂದು ನಾನು ನಿಂತಲ್ಲೇ ಯೋಚಿಸುತ್ತಿದ್ದೆ.

ಊಟದ ವಿಷಯಕ್ಕೆ ಬಂದರೆ, ನಮ್ಮ ಜೋಳದ ಕಟಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಡಬ್ಬಿಯಲ್ಲಿಟ್ಟು ಮರೆತರೂ ನಡೆಯುತ್ತದೆ. ಇಲ್ಲಿನ ರಾಗಿಮುದ್ದೆ ಬಿಸಿ ಆರುವ ಮೊದಲೇ ಹೊಟ್ಟೆ ಸೇರಬೇಕು. ಅದರ ಜೊತೆಗೆ ಉಪ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿದ ನೀರಿಗೆ ಉಪ್ಪು ಬೆರೆಸಿ, ಖಾರವನ್ನು ಬೇರೆ ಅರೆದು ತಟ್ಟೆಯ ಅಂಚಿಗೆ ಇಡುವ ಸಾರು. ನಮ್ಮದು ಕಾಪಿಟ್ಟು ಉಣ್ಣುವ ನಾಡು, ಇವರದು ಅಂದಂದೇ ಉಣ್ಣುವ ನಾಡು ಎಂದು ನಾನು ತೀರ್ಮಾನಿಸಿದ್ದೆ. ಈ ತೀರ್ಮಾನ ತಪ್ಪೆಂದು ಮುಂದೆ ತಿಳಿಯಿತು.

ಮಗಳು ಬೆಳಗ್ಗೆ ಹೋದರೆ ಯಾವ ಹಳ್ಳಿಯಲ್ಲಿ ಯಾವ ಹಸು ಕರು ಹಾಕುತ್ತಿದೆಯೋ, ಬರುವ ಹೊತ್ತು ಗೊತ್ತಿಲ್ಲ. ನನ್ನ ವೇಳಾಪಟ್ಟಿ ಗೋಡೆಯ ಮೇಲೆ ಅಚ್ಚುಕಟ್ಟಾಗಿ ಇತ್ತು, ಅದರೊಳಗೆ ತುಂಬಲು ಮಾತ್ರ ಏನೂ ಇರಲಿಲ್ಲ. ಕೆಳಗಿನ ಮನೆಯ ಪುಟ್ಟತಾಯಮ್ಮ, ನಮಗೆ ಮನೆ ಬಾಡಿಗೆಗೆ ಕೊಟ್ಟವರು, ಇದನ್ನು ಗಮನಿಸಿರಬೇಕು. ಮೊಮ್ಮಗನ ಕಿವಿ ಚುಚ್ಚುವ ಶಾಸ್ತ್ರದ ಕರೆಯೋಲೆ ತಂದುಕೊಟ್ಟರು. ಓದಿ ಬೆರಗಾದೆ. ‘ಸುಖಾಗಮನ ಬಯಸುವವರು’ ಎಂಬ ಉದ್ದನೆಯ ಪಟ್ಟಿಯ ಕೊನೆಗೆ ‘ಸುಶೀಲಮ್ಮ, ಬಿಜಾಪುರ’ ಎಂದು ನನ್ನ ಹೆಸರು ಅಚ್ಚಾಗಿತ್ತು. ನಾನು ಅವರ ಮನೆಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

“ಮೇಲ್ಗಡೆ ಮನೇಲಿ ಇದ್ಕಂಡು ನಿಮ್ಮೆಸ್ರು ಬುಟ್ರೆ ಜನ ಏನಂದ್ಕಂಡಾರು ಕಣವ್ವ,” ಎಂದರು. ಹೆಸರು ಹಾಕಲೇ ಎಂದು ಹಿಂದಿನ ವಾರ ಮೆಟ್ಟಿಲ ಮೇಲೆ ನನ್ನನ್ನು ಕೇಳಿದ್ದರಂತೆ. ನನಗೆ ಅವರ ಮಾತು ಪೂರ್ತಿ ತಿಳಿಯದೆ ತಲೆಯಾಡಿಸಿದ್ದೆ. ಕೇಳದೆ ಯಾರ ಹೆಸರನ್ನೂ ಹಾಕುವಂತಿಲ್ಲ, ಹಾಕಿದರೆ ಜಗಳವೇ ಆಗುತ್ತದೆ ಎಂದೂ ಹೇಳಿದರು. ನಮ್ಮ ಕಡೆಯೂ ಕರೆಯೋಲೆಯಲ್ಲಿ ಹೆಸರುಗಳು ಇರುತ್ತವೆ. ಆದರೆ ಬಾಡಿಗೆಗೆ ಬಂದವಳ ಹೆಸರು ನಾನು ಕಂಡಿರಲಿಲ್ಲ. ಸಂತೋಷವಾಯಿತು. ಪಕ್ಕದಲ್ಲಿದ್ದ ‘ಬಿಜಾಪುರ’ ಮಾತ್ರ ಸಣ್ಣ ಮುಳ್ಳಿನಂತೆ ತಾಕಿತು. ಪಟ್ಟಿಯಲ್ಲಿ ಊರು ಹೇಳಿಸಿಕೊಂಡವಳು ನಾನೊಬ್ಬಳೇ.

ತನ್ನ ತರಗತಿಗೆ ನೆರವಾಗಲೆಂದು ಕಾಲೇಜಿಗೆ ನನ್ನನ್ನು ಕರೆದೊಯ್ದದ್ದೂ ಪುಟ್ಟತಾಯಮ್ಮನವರ ಸಂಬಂಧಿಯೇ, ನಾಗಮಣಿ ಎಂಬ ಅತಿಥಿ ಉಪನ್ಯಾಸಕಿ. ಉಡಿಗಾಲದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ, ಗಂಡ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತಿಥಿ ಉಪನ್ಯಾಸಕಿಗೆ ತರಗತಿಯ ಅವಧಿಗಳಿದ್ದರಷ್ಟೇ ಕೆಲಸ. ಅವಳ ಅವಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಆಹಾರ ಸಂರಕ್ಷಣೆ’ ಎಂಬ ಹೊಸ ಐಚ್ಛಿಕ ವಿಷಯದ್ದು. ಅದಕ್ಕೆ ಕನ್ನಡದಲ್ಲಿ ಪುಸ್ತಕವೇ ಇರಲಿಲ್ಲ, ಆ ಹೆಬ್ಬೆರಳಿನ ಫೋಟೋಗಳೇ ಗತಿ. ವಿಭಾಗದ ಮುಖ್ಯಸ್ಥ ಗುರುಮಲ್ಲಪ್ಪನವರು ಖಡಾಖಂಡಿತವಾಗಿ ಹೇಳಿದ್ದರು: ತಿಂಗಳ ಕೊನೆಯ ಶನಿವಾರದ ಸಭೆಯ ಹೊತ್ತಿಗೆ ಸರಿಯಾದ ಪಠ್ಯ ಮೇಜಿನ ಮೇಲೆ ಬರದಿದ್ದರೆ ಆ ವಿಷಯವನ್ನು ಮುಚ್ಚಿ, ಮಕ್ಕಳನ್ನು ಬೇರೆ ವಿಷಯಕ್ಕೆ ಕಳಿಸುವುದು. ಹಾಗಾದರೆ ನಾಗಮಣಿ ಮನೆಯಲ್ಲಿ ಇರಬೇಕಾಗುತ್ತದೆ. ಅವಳು ಅಳಲಿಲ್ಲ. “ಬಸ್ ಪಾಸಿನ್ ಕಾಸ್ ಒಂದ್ ಉಳಿತದ ಬುಡಿ ಮೇಡಂ,” ಎಂದು ನಕ್ಕಳು. ಆ ನಗುವೇ ನನ್ನನ್ನು ಕೆಲಸಕ್ಕೆ ಹಚ್ಚಿತು.

ನನ್ನ ವೇಳಾಪಟ್ಟಿ ಕೊನೆಗೂ ತುಂಬಿತು. ಬೆಳಗ್ಗೆ ನಡಿಗೆ, ಸ್ನಾನ, ಆಮೇಲೆ ಮಗಳ ಹಳೆಯ ಲ್ಯಾಪ್‌ಟಾಪು. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಮಾತನ್ನು ನಿವೃತ್ತಿಯ ಹೊತ್ತಿಗೆ ಯಾವುದೋ ಕಮ್ಮಟದಲ್ಲಿ ಕೇಳಿದ್ದೆ, ಬಳಸಿರಲಿಲ್ಲ. ಬಲ್ಲವರು ಪಾಠಗಳನ್ನು ಬರೆದು, ಯಾರು ಬೇಕಾದರೂ ಉಪಯೋಗಿಸಿ ಎಂದು ಪರವಾನಗಿ ಸಮೇತ ಜಾಲದಲ್ಲಿ ಇಟ್ಟಿರುತ್ತಾರೆ. ಹೇಳಲು ಸುಲಭ. ಹುಡುಕಲು ಕುಳಿತಾಗ ನನಗೆ ಬೆಳಗಿನ ಮಾರುಕಟ್ಟೆಯೇ ನೆನಪಾಯಿತು: ರಾಶಿ ದೊಡ್ಡದು, ಆರಿಸಲು ಕಣ್ಣು ಬೇಕು.

ಮೊದಲು ಸಿಕ್ಕಿದ್ದು ಒಂದು ವಿದೇಶಿ ಪಠ್ಯಪುಸ್ತಕ. ಚಿತ್ರ, ಅಚ್ಚು, ಪ್ರಶ್ನೆಗಳು ಎಲ್ಲ ಚಂದ. ಆದರೆ ಪುಟಪುಟಕ್ಕೂ ದೊಡ್ಡ ಫ್ರೀಜರು. ವಿದ್ಯುತ್ತು ಹೋಗುವ ಊರೆಂಬುದು ಪ್ರಪಂಚದಲ್ಲಿದೆ ಎಂದು ಬರೆದವರಿಗೆ ತಿಳಿದಂತಿರಲಿಲ್ಲ. ಆಮೇಲೆ ನಮ್ಮ ದೇಶದವರದೇ ವಿಡಿಯೊ ಪಾಠಗಳು. ವಿಷಯ ಗಟ್ಟಿ, ಒಂದೊಂದೂ ಒಂದು ತಾಸು. ನಾಗಮಣಿ ಬಸ್ಸಿನಲ್ಲಿ ತೆರೆದು ನೋಡಿದಳು, ಊರು ದಾಟುತ್ತಿದ್ದಂತೆ ಚಕ್ರ ತಿರುಗುತ್ತ ನಿಂತಿತಂತೆ. ಕನ್ನಡದ ಒಂದು ಜಾಲತಾಣವೂ ಸಿಕ್ಕಿತು. ಬರೆದವರ ಹೆಸರಿಲ್ಲ, ಯಾವಾಗ ಬರೆದದ್ದೋ ಗೊತ್ತಿಲ್ಲ. ಹಣ್ಣಿನ ರಸ ಕೆಡದಿರಲು ‘ಸ್ವಲ್ಪ’ ರಾಸಾಯನಿಕ ಹಾಕಿ ಎಂದು ಬರೆದಿತ್ತು. ಎಷ್ಟು ಸ್ವಲ್ಪ ಎಂದು ಹೇಳದವರನ್ನು ನಾನು ಪ್ರಯೋಗಾಲಯದೊಳಗೆ ಬಿಟ್ಟವಳಲ್ಲ. ಇನ್ನೊಂದು ಪುಸ್ತಕ ಉಚಿತ ಎಂದು ಮೇಲೆ ಬರೆದುಕೊಂಡು, ತಿದ್ದಬಾರದು, ಅನುವಾದಿಸಬಾರದು ಎಂದು ತಳದಲ್ಲಿ ಸಣ್ಣಕ್ಷರದಲ್ಲಿ ಹೇಳುತ್ತಿತ್ತು. ಓದಲು ಬಿಟ್ಟಿ ಇರುವುದೆಲ್ಲ ಮುಕ್ತವಲ್ಲ ಎಂಬುದನ್ನು ಆ ಸಣ್ಣಕ್ಷರದಿಂದ ಕಲಿತೆ.

ಕೊನೆಗೆ ಸಿಕ್ಕಿದ್ದು ಗಡಿಯ ಆಚೆಯದು. ವಯನಾಡಿನ ಕಾಲೇಜೊಂದರ ಬಿಂದು ಟೀಚರ್ ಬರೆದ ಪಾಠಗಳು. ಅಲ್ಲಿ ಹೆಸರಿನ ಜೊತೆಗೆ ಟೀಚರ್ ಎನ್ನುವುದು ನಮ್ಮ ‘ಅಕ್ಕಾವ್ರು’ ಇದ್ದಂತೆ, ಗೌರವದ ಕರೆ. ಸರಳ ಇಂಗ್ಲಿಷು, ಹಗುರವಾದ ಕಡತ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುತ್ತದೆ. ಉಪ್ಪುನೀರಿನ ಪ್ರಮಾಣ, ಬಾಟಲಿ ಕುದಿಸುವ ಕ್ರಮ, ಹುಳಿ ಎಷ್ಟಿದ್ದರೆ ಉಪ್ಪಿನಕಾಯಿ ಸುರಕ್ಷಿತ ಎಂಬುದನ್ನೆಲ್ಲ ನನ್ನ ಹಳೆಯ ಕೈಪಿಡಿಯ ಜೊತೆ ತಾಳೆ ನೋಡಿದೆ. ಎಲ್ಲ ಸರಿ. ಪರವಾನಗಿಯನ್ನು ಮೂರು ಸಲ ಓದಿದೆ. ಬಳಸಬಹುದು, ತಿದ್ದಬಹುದು, ಅಚ್ಚು ಹಾಕಬಹುದು. ಎರಡೇ ಷರತ್ತು: ಮೂಲ ಯಾರದೆಂದು ಹೇಳಬೇಕು, ತಿದ್ದಿದ್ದನ್ನು ನೀವೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಬಿಡಬೇಕು.

ನಾನು ಕನ್ನಡಕ್ಕೆ ತಂದೆ, ನಾಗಮಣಿ ಇಲ್ಲಿನ ಮಕ್ಕಳಿಗೆ ತಿಳಿಯುವಂತೆ ಸಡಿಲಗೊಳಿಸಿದಳು. ತೆಂಗು, ಹಲಸಿನ ಉದಾಹರಣೆಗಳ ಜೊತೆಗೆ ಸಣ್ಣ ಈರುಳ್ಳಿ, ಟೊಮೆಟೊ ಸೇರಿದವು. ನಾನು ಕಟಕ ರೊಟ್ಟಿಯ ಪುಟವೊಂದನ್ನು ಸೇರಿಸಿದೆ. ನೀರಿನಂಶ ತೆಗೆದರೆ ಆಹಾರ ಏಕೆ ಬಾಳುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೀನಿಗೆ ಉಪ್ಪು ಹಾಕಿ ಒಣಗಿಸುವ ಅಧ್ಯಾಯವನ್ನು ಮಾತ್ರ ತೆಗೆದುಹಾಕಿದೆ. ಸಮುದ್ರ ಎಲ್ಲಿ, ಗುಂಡ್ಲುಪೇಟೆ ಎಲ್ಲಿ? ತೆಗೆದದ್ದನ್ನು ತರಗತಿಯಲ್ಲಿ ಹೇಳಿದಾಗ ಮುಂದಿನ ಬೆಂಚಿನ ಆ ಹುಡುಗಿ, ರಾಜೇಶ್ವರಿ ಅವಳ ಹೆಸರು, ಎದ್ದು ನಿಂತಳು.

“ಒಣಮೀನ ತಗ್ದ್ಬುಟ್ರೆ ನಮ್ಗ ಗೊತ್ತಿರೋದು ಇನ್ನೇನದ ಮೇಡಂ? ಸಂತೇಲಿ ಅದ್ರ ಸಾಲೇ ಅದ. ನಮ್ಮವ್ವ ಮಡಕೇಲಿ ತುಂಬಿ ಮಡಗ್ತದ.”

ಹಿಂದಿನಿಂದ ಒಬ್ಬ, “ಮೇಡಂ ಮೂಸ್ನೂ ನೋಡ್ದೆ ಫೇಲ್ ಮಾಡ್ಬುಟ್ಟವ್ರೆ ಕಣಮ್ಮಿ,” ಎಂದ.

ಈ ಸಲ ನಾನೂ ನಕ್ಕೆ. ಪಾಠ ಸರಿಯಿದೆಯೇ ಎಂದು ಅಳೆದದ್ದು ರಸಾಯನಶಾಸ್ತ್ರ ಬಲ್ಲ ನಾನು. ಪಾಠ ಬೇಕೇ ಎಂದು ಅಳೆದದ್ದು ಮಾತ್ರ ನನ್ನ ಶುದ್ಧ ಸಸ್ಯಾಹಾರಿ ಅಡುಗೆಮನೆ. ಮೀನಿನ ಅಧ್ಯಾಯ ವಾಪಸು ಬಂತು. ಅಂದಂದೇ ಉಣ್ಣುವ ನಾಡು ಎಂಬ ನನ್ನ ತೀರ್ಮಾನ ಅಂದೇ ಬಿದ್ದುಹೋಯಿತು. ಬೀಜದ ಈರುಳ್ಳಿಯನ್ನು ಜುಟ್ಟು ಸೇರಿಸಿ ಕಟ್ಟಿ ತೊಲೆಗೆ ನೇತುಹಾಕಿರುವ ಫೋಟೋವನ್ನು ರಾಜೇಶ್ವರಿ ಮಾರನೆಯ ದಿನ ತಂದುಕೊಟ್ಟಳು. ಅದನ್ನೂ ಸೇರಿಸಿದೆವು.

ಶುಕ್ರವಾರ ಮಧ್ಯಾಹ್ನ ನಾಗಮಣಿ ಜೆರಾಕ್ಸ್ ಅಂಗಡಿಯಿಂದ ಪ್ರತಿಗಳನ್ನು ಹೊತ್ತು ತಂದಳು, ಸುರುಳಿ ತಂತಿ ಹಾಕಿ ಹೊಲಿದ ಚಂದದ ಕಟ್ಟು. ಮುಖಪುಟ ನೋಡಿದೆ. ಮೇಲೆ ಮಹದೇಶ್ವರನಿಗೆ ನಮಸ್ಕಾರ. ಕೆಳಗೆ ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಾಂಶುಪಾಲರು, ಗುರುಮಲ್ಲಪ್ಪನವರು. ಆಮೇಲೆ ದಪ್ಪ ಅಕ್ಷರದಲ್ಲಿ ‘ಮಾರ್ಗದರ್ಶನ: ಶ್ರೀಮತಿ ಸುಶೀಲಮ್ಮನವರು’. ತಳದಲ್ಲಿ ಚಿಕ್ಕದಾಗಿ ನಾಗಮಣಿ. ಥೇಟು ಕರೆಯೋಲೆ. ಬಿಂದು ಟೀಚರ್ ಎಲ್ಲೂ ಇರಲಿಲ್ಲ. ಪರವಾನಗಿಯ ಪುಟವೂ ಇರಲಿಲ್ಲ.

ಅವರ ಹೆಸರೆಲ್ಲಿ ತಂಗಿ ಎಂದು ಕೇಳಿದೆ. ಅವಳು ಬೆರಗಾಗಿ ನನ್ನನ್ನು ನೋಡಿದಳು.

“ಅವ್ರ್ನ ಕೇಳಿಲ್ವಲ್ಲ ಮೇಡಂ. ಮೊಕ ನೋಡಿಲ್ಲ, ಮಾತಾಡಿಲ್ಲ. ಕೇಳ್ದೆ ಹೆಸ್ರಾಕುದ್ರ ತಪ್ಪಾಗಲ್ವಾ? ಅದ್ಕೇ ಬುಟ್ಟೆ. ನಿಮ್ಮೆಸ್ರು ದೊಡ್ದಾಗಿ ಹಾಕಿಸ್ದೆ.”

ವಿಜಯಪುರದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಇನ್ನೊಬ್ಬರ ಬರಹದಿಂದ ಹೆಸರು ತೆಗೆದಿದ್ದರೆ ಅದಕ್ಕೆ ನಾನು ಕಳ್ಳತನ ಎನ್ನುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ನನ್ನೆದುರು ನಿಂತವಳು ಮರ್ಯಾದೆಯಿಂದಲೇ ಹೆಸರು ತೆಗೆದಿದ್ದಳು. ಅಪರಿಚಿತಳಾದ ಒಬ್ಬ ಹೆಂಗಸಿನ ಹೆಸರನ್ನು ಅವಳ ಒಪ್ಪಿಗೆಯಿಲ್ಲದೆ ನಾಲ್ಕು ಜನರ ಮುಂದೆ ಇಡಬಾರದು ಎಂದು ಕಾಪಾಡಿದ್ದಳು. ಅವಳನ್ನು ಬೈಯುವುದು ಹೇಗೆ?

ಪರವಾನಗಿಯನ್ನು ತೆರೆದು ಅವಳ ಮುಂದಿಟ್ಟೆ. ಇದರಲ್ಲಿ ಕೇಳುವ ಮೊದಲೇ ಒಪ್ಪಿಗೆ ಬರೆದಿದೆ, ಹೆಸರು ಹೇಳುವುದೊಂದೇ ಅವರು ಕೇಳಿದ್ದು, ಅದನ್ನೇ ನಾವು ಕೊಡಲಿಲ್ಲ ಎಂದೆ. ಅವಳು ನಿಧಾನವಾಗಿ ಓದಿದಳು. ಮುಖ ಸಣ್ಣದಾಯಿತು. ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಹಾಗೇ ತೆಗೆದುಕೊಂಡು ಹೋದರೆ ಸಭೆ ಸುಲಭ; ಗುರುಮಲ್ಲಪ್ಪನವರು ಮುಖಪುಟದಲ್ಲಿ ತಮ್ಮ ಹೆಸರು ಕಂಡು ಸಹಿ ಹಾಕುತ್ತಾರೆ. ಗುರುತಿಲ್ಲದ ಹೊರಗಿನವರ ಹೆಸರು ಕಂಡರೆ ಏನೆನ್ನುತ್ತಾರೋ ತಿಳಿಯದು. ಕಳೆದುಕೊಳ್ಳುವುದೇನಿದ್ದರೂ ನನಗಲ್ಲ, ಅವಳಿಗೆ. ಅದಕ್ಕೇ ನಾನು ಅಪ್ಪಣೆ ಮಾಡಲಿಲ್ಲ. ವಾರ್ಡನ್ ಆಗಿದ್ದವಳಿಗೆ ಸುಮ್ಮನೆ ಕೂತಿರುವುದು ದೊಡ್ಡ ಕಷ್ಟ.

ನಾಗಮಣಿ ಕಟ್ಟನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, “ಅಂಟಿಸ್ಬುಡನ ಮೇಡಂ,” ಎಂದಳು. “ಎಲ್ಲಿ ಅಂಟಿಸನ?”

ದೊಡ್ಡ ಅಕ್ಷರದ ಜಾಗ ಒಂದೇ ಇತ್ತು. ನನ್ನ ಹೆಸರನ್ನು ತೋರಿಸಿದೆ. ಅವಳು ಒಪ್ಪಲಿಲ್ಲ, ಹಿರಿಯರ ಹೆಸರಿನ ಮೇಲೆ ಚೀಟಿ ಅಂಟಿಸುವುದು ಕೆಟ್ಟದ್ದು ಎಂದಳು. ಸ್ವಲ್ಪ ವಾದವಾದ ಮೇಲೆ ಒಪ್ಪಿದಳು. ಕೊನೆಗೆ ರಾಜೇಶ್ವರಿ ಮತ್ತು ಗೆಳತಿಯರು ಕುಳಿತು ಚೀಟಿ ಕತ್ತರಿಸಿದರು: ‘ಮೂಲ ಪಾಠ: ಬಿಂದು ಟೀಚರ್, ವಯನಾಡು.’ ಪರವಾನಗಿಯನ್ನು ಕನ್ನಡದಲ್ಲಿ ಒಳರಟ್ಟಿಗೆ ಕೈಯಲ್ಲೇ ಬರೆದರು. ಸಾಲು ಸೊಟ್ಟಗಿದ್ದ ಎರಡು ಪ್ರತಿಗಳನ್ನು ನಾನು ಮತ್ತೆ ಬರೆಸಿದೆ. ಅಭ್ಯಾಸ ಬಿಡುವುದಿಲ್ಲ.

ಸಭೆಯಲ್ಲಿ ಗುರುಮಲ್ಲಪ್ಪನವರು ಪ್ರತಿಯನ್ನು ಹಿಡಿದು ಮೊದಲು ಚೀಟಿಯ ಅಂಚನ್ನು ಉಗುರಿನಿಂದ ಕೆರೆದರು.

“ಇದ್ರ ಕೆಳಗ ಯಾರ್ದದಮ್ಮ ಹೆಸ್ರು?”

“ಸುಶೀಲಮ್ಮ ಮೇಡಂದು ಸಾರ್. ಪಾಠ ಅವ್ರದಲ್ಲ, ಅದ್ಕೆ ಮುಚ್ಚಿದ್ದು.”

“ಈ ಟೀಚರು ಯಾರು? ಕೇಳಿದ್ರಾ ಅವ್ರ್ನ?”

“ಕೇಳ್ಬೇಕಾಗೇ ಇಲ್ಲ ಸಾರ್,” ಎಂದಳು ನಾಗಮಣಿ. “ತಗಳಿ, ತಿದ್ಕಳಿ, ನನ್ನೆಸ್ರು ಒಂದ ಹೇಳಿ, ನೀವು ತಿದ್ದಿದ್ನೂ ಇನ್ನೊಬ್ರು ತಗಳಕ್ಕ ಬುಡಿ ಅಂತ ಅವ್ರೇ ಬರ್ದವ್ರೆ. ಒಳಗ್ ನೋಡಿ ಸಾರ್.”

ಬಿಟ್ಟಿ ಸಿಕ್ಕಿದ್ದು ಗಟ್ಟಿಯಿರುತ್ತದೆಯೇ ಎಂದು ಅವರು ಗೊಣಗಿದರು. ನಾನು ತಾಳೆ ನೋಡಿದ ವಿವರಗಳನ್ನು ಒಂದೊಂದಾಗಿ ಹೇಳಿದೆ. ಅವರು ಅರ್ಧ ಕೇಳಿಸಿಕೊಂಡು ಪುಟ ತಿರುವುತ್ತಿದ್ದವರು ಈರುಳ್ಳಿಯ ಫೋಟೋ ಬಂದಾಗ ನಿಂತರು. ಅವರ ಮನೆಯವರು ತಲೆಮಾರಿನಿಂದ ಈರುಳ್ಳಿ ವ್ಯಾಪಾರದವರು ಎಂದು ನನಗೆ ಆಮೇಲೆ ತಿಳಿಯಿತು. ಬಹಳ ಹೊತ್ತು ನೋಡಿದರು. ಯಾರು ತೆಗೆದದ್ದು ಎಂದರು. ರಾಜೇಶ್ವರಿ ಎಂದೆವು.

“ಹೆಸ್ರು ಹಾಕ್ಬೇಕು ಅಂತ ಇಷ್ಟು ದೊಡ್ಡ ಕತೆ ಹೇಳ್ಬುಟ್ಟು, ಈ ಹುಡ್ಗಿ ಹೆಸ್ರು ಎಲ್ರೀ ಮೇಡಂ?”

ಪರವಾನಗಿಯನ್ನು ಮೂರು ಸಲ ಓದಿದವಳು ನಾನು. ಮಕ್ಕಳ ಫೋಟೋ ಎಂದರೆ ಮಕ್ಕಳ ಫೋಟೋ, ಅದಕ್ಕೂ ಒಡತಿ ಇದ್ದಾಳೆಂದು ಹೊಳೆದಿರಲಿಲ್ಲ. ನಾಗಮಣಿ ಪೆನ್ನು ತೆಗೆದು ಅಲ್ಲೇ, ಅವರ ಪ್ರತಿಯಲ್ಲೇ, ಫೋಟೋದ ಕೆಳಗೆ ‘ರಾಜೇಶ್ವರಿ’ ಎಂದು ಬರೆದಳು. ಎಲ್ಲ ಪ್ರತಿಗಳಲ್ಲೂ ಬರೆಯಬೇಕು, ಆಗ ಈ ಸೆಮಿಸ್ಟರು ನಡೆಯಲಿ, ಮುಂದಿನದನ್ನು ಮುಂದೆ ನೋಡೋಣ ಎಂದು ಗುರುಮಲ್ಲಪ್ಪನವರು ಸಹಿ ಹಾಕಿದರು. ಹೊರಗೆ ಬಂದ ಮೇಲೆ ನಾಗಮಣಿ ತನ್ನ ಬಸ್ ಪಾಸನ್ನು ತೆಗೆದು ನನಗೆ ತೋರಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಎರಡನೆಯ ಷರತ್ತು ಉಳಿದಿತ್ತು. ತಿದ್ದಿದ ಪಾಠವನ್ನು ಎಲ್ಲರಿಗೂ ಸಿಗುವಂತೆ ಮೂಲ ಇದ್ದ ಜಾಲತಾಣಕ್ಕೇ ಏರಿಸುವುದೆಂದು ಗೊತ್ತುಮಾಡಿದೆವು. ಮರುವಾರ ಕಾಲೇಜಿನ ಕಂಪ್ಯೂಟರಿನ ಮುಂದೆ ಕುಳಿತು ನಾಗಮಣಿ ಒಬ್ಬೊಬ್ಬರ ಹೆಸರನ್ನೂ ಊರನ್ನೂ ತುಂಬಿದಳು. ನಾಗಮಣಿ, ಉಡಿಗಾಲ. ಫೋಟೋ: ರಾಜೇಶ್ವರಿ, ಗುಂಡ್ಲುಪೇಟೆ. ಆಮೇಲೆ ಬೆರಳು ನಿಲ್ಲಿಸಿ ಕೇಳಿದಳು, “ನಿಮ್ದು ಬಿಜಾಪುರ ಅಂತ ಹಾಕ್ಬುಡ್ಲಾ ಮೇಡಂ?”

ಹೌದು ಎನ್ನಲು ಬಾಯಿ ತೆರೆದೆ. ರೊಟ್ಟಿಯ ಪುಟ ಅಲ್ಲಿಯದೇ. ತಾಳೆ ನೋಡುವ ಶಿಸ್ತೂ ಅಲ್ಲಿಯದೇ. ಆದರೆ ಮೀನಿನ ಅಧ್ಯಾಯವನ್ನು ಮರಳಿ ಸೇರಿಸಿದವಳು, ತನ್ನ ಹೆಸರಿನ ಮೇಲೆ ಚೀಟಿ ಅಂಟಿಸಿಕೊಂಡವಳು ವಿಜಯಪುರದಲ್ಲಿ ಇದ್ದವಳಲ್ಲ. ಪುಟ್ಟತಾಯಮ್ಮನವರ ಕರೆಯೋಲೆ ನೆನಪಾಯಿತು. ನಾನು ಸುಮ್ಮನಿದ್ದುದನ್ನು ನೋಡಿ ನಾಗಮಣಿ ತಾನೇ ‘ಗುಂಡ್ಲುಪೇಟೆ’ ಎಂದು ಒತ್ತಿದಳು. ನಾನು ತಡೆಯಲಿಲ್ಲ.

ಪಾಠ ಈಗ ಅಲ್ಲಿದೆ. ವಿಜಯಪುರದ ನನ್ನ ಗೆಳತಿಯರೇ, ನಿಮ್ಮ ಕಾಲೇಜಿಗೂ ಬೇಕಾದೀತು, ಇಳಿಸಿಕೊಳ್ಳಿ. ಸಣ್ಣ ಈರುಳ್ಳಿಯ ಜಾಗದಲ್ಲಿ ನಮ್ಮ ಉಳ್ಳಾಗಡ್ಡಿ ಹಾಕಿಕೊಳ್ಳಿ, ದ್ರಾಕ್ಷಿ ಒಣಗಿಸುವ ಅಧ್ಯಾಯ ಸೇರಿಸಿ. ಒಣಮೀನಿನ ಪುಟ ತೆಗೆಯುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ. ನನ್ನ ಹೆಸರಿನ ಪಕ್ಕ ಗುಂಡ್ಲುಪೇಟೆ ಎಂದು ಇರುವುದನ್ನು ಕಂಡು, ಇದೇನಿದು ಸುಶೀಲಾ ನಮ್ಮವಳಲ್ಲವೇ ಎಂದು ನಿಮಗೆ ಅನ್ನಿಸಬಹುದು. ತಿದ್ದಬೇಕೆನಿಸಿದರೆ ತಿದ್ದಿ. ಆ ಹಕ್ಕು ಪರವಾನಗಿಯಲ್ಲೇ ಇದೆ. ತಿದ್ದಿದವರು ಯಾರು ಎಂಬುದನ್ನು ಮಾತ್ರ ಕೆಳಗೆ ಬರೆಯಿರಿ.